ಸಿಮ್ ಇಲ್ಲದ ಬೈಕ್ ಟ್ರ್ಯಾಕರ್: ಸತ್ಯಾಂಶ ಏನು?

"ಈ ಜಿಪಿಎಸ್ ಹಾಕ್ಸಿ, ಸಿಮ್ ಬೇಡ ರೀಚಾರ್ಜ್ ಬೇಡ, ಬೈಕ್ ಎಲ್ಲೇ ಹೋದ್ರೂ ಸ್ಯಾಟಲೈಟ್‌ನಿಂದ ಲೊಕೇಶನ್ ಬರುತ್ತೆ" ಅಂತ ಒಂದು ಮೆಸೇಜ್ ಓಡಾಡ್ತಿದೆ. ನಂಬ್ಬೇಡಿ.

ಜಿಪಿಎಸ್ ಸ್ಯಾಟಲೈಟ್‌ಗಳು ಸುಮಾರು 20,200 ಕಿ.ಮೀ. ಮೇಲಿಂದ ಸಿಗ್ನಲ್ ಕಳಿಸ್ತಾವೆ ಅಷ್ಟೆ, ನಿಮ್ಮ ಬೈಕ್ ಎಲ್ಲಿದೆ ಅಂತ ಅವಕ್ಕೆ ಗೊತ್ತೇ ಆಗಲ್ಲ, ಲೆಕ್ಕ ಹಾಕೋದು ಬೈಕಲ್ಲಿರೋ ಡಬ್ಬಿ, ಅದನ್ನ ನಿಮ್ಮ ಫೋನಿಗೆ ತಲುಪ್ಸೋದು ಸಾಮಾನ್ಯವಾಗಿ ಅದರೊಳಗಿನ ಸಿಮ್ಮು. ರೀಚಾರ್ಜ್ ಮುಗೀತು ಅಂದ್ರೆ ಮ್ಯಾಪಲ್ಲಿ ಹಳೇ ಜಾಗನೇ ಕಾಣ್ಸುತ್ತೆ. ಸಿಮ್ ಇಲ್ದೆ ಬರೋ ಸಣ್ಣ ಬ್ಲೂಟೂತ್ ಟ್ಯಾಗ್‌ಗಳು ಬೇರೆ ಥರ, ಪಕ್ಕದಲ್ಲಿ ಹೋಗೋರ ಫೋನ್ ಸಿಕ್ಕಿದ್ರೇನೇ ಲೊಕೇಶನ್ ಬರೋದು, ಖಾಲಿ ಗೋಡೌನಲ್ಲಿ ಏನೂ ಬರಲ್ಲ.

ಇನ್ನೊಂದು, ಟ್ರ್ಯಾಕರನ್ನ ಸೀಟ್ ಎತ್ತಿದ್ ತಕ್ಷಣ ಕಾಣೋ ಹಾಗೆ ಬ್ಯಾಟರಿ ಪಕ್ಕದಲ್ಲೇ ಇಟ್ರೆ ಕಳ್ಳ ವೈರ್ ಕಿತ್ತು ಬಿಸಾಕ್ತಾನೆ. ಒಳಗೇ ಬ್ಯಾಕಪ್ ಬ್ಯಾಟರಿ ಇರೋದು, ವೈರ್ ಕಟ್ಟಾದ್ರೆ ಅಲರ್ಟ್ ಕೊಡೋದು ತಗೊಳ್ಳಿ, ಪ್ಲಾಸ್ಟಿಕ್ ಪ್ಯಾನೆಲ್ ಹಿಂದೆ ಕೂರ್ಸಿ, ಸುತ್ತ ಕಬ್ಬಿಣ ಇದ್ರೆ ಸಿಗ್ನಲ್ ಸಿಗಲ್ಲ. ಹ್ಯಾಂಡಲ್ ಲಾಕು, ಡಿಸ್ಕ್ ಲಾಕು ಬಿಡ್ಲೇಬೇಡಿ, ಟ್ರ್ಯಾಕರ್ ಕಳ್ಳನ ಕೈ ಹಿಡಿಯಲ್ಲ. ಮತ್ತೆ ದಯವಿಟ್ಟು, ಲೊಕೇಶನ್ ಸಿಕ್ತು ಅಂತ ಒಬ್ರೇ ಹೋಗ್ಬೇಡಿ, 112ಗೆ ಫೋನ್ ಮಾಡಿ.