ಕಂಬ ಮಾರಿದವರು, ಕಿಟಕಿಯ ಬಣ್ಣಕ್ಕೂ ಅಪ್ಪಣೆ ಕೇಳುವವರು

ಸಕಲೇಶಪುರದಿಂದ ಬಂದಿದ್ದ ಚಿಕ್ಕಪ್ಪನನ್ನು ಸ್ವಿಟ್ಜರ್ಲೆಂಡಿನ ಹಳ್ಳಿ ಎಪೆಸ್‌ಗೆ ಕರೆದುಕೊಂಡು ಹೋಗಿದ್ದೆ. ನಾವಿರುವ ಲೊಸಾನ್‌ನಿಂದ ರೈಲಿನಲ್ಲಿ ಸ್ವಲ್ಪವೇ ಹೊತ್ತು. ಕೆಳಗೆ ಜಿನೀವಾ ಸರೋವರ, ಎದುರಿಗೆ ಆಲ್ಪ್ಸ್, ಬೆನ್ನ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ತೋಟ. ಸುತ್ತ ಒಮ್ಮೆ ಕಣ್ಣು ಹಾಯಿಸಿ, ‘ಇಂಥಾ ವ್ಯೂ ಇಟ್ಕೊಂಡು ಒಂದು ರೆಸಾರ್ಟ್ ಕಟ್ಟಿಲ್ವಲ್ಲೋ ಇವ್ರು, ದಡ್ಡರು!’ ಅಂದರು. ಬೇರೆ ಯಾರಾದರೂ ಅಂದಿದ್ದರೆ ನಕ್ಕುಬಿಡುತ್ತಿದ್ದೆ. ನಮ್ಮ ತೊಟ್ಟಿಮನೆ ಕೆಡವಿ ಗಾಜಿನ ಹೋಮ್‌ಸ್ಟೇ ಎಬ್ಬಿಸಿದವರು ಇವರೇ. ಜಗಲಿಯ ಬೀಟೆ ಕಂಬಗಳು ಬೆಂಗಳೂರಿನ ಯಾವುದೋ ಹೋಟೆಲ್ ಸೇರಿದವಂತೆ.

ಲಾವೋ ಎಂಬ ಈ ಇಳಿಜಾರನ್ನು 11ನೇ ಶತಮಾನದಿಂದಲೇ ಕ್ರೈಸ್ತ ಸನ್ಯಾಸಿಗಳು ಕಡಿದು ಕಟ್ಟಿದರು. ಕಲ್ಲಿನ ತಡೆಗೋಡೆಗಳೇ ಸುಮಾರು 400 ಕಿ.ಮೀ. ಇಲ್ಲಿ ಮೂರು ಸೂರ್ಯ ಅನ್ನುತ್ತಾರೆ: ಒಂದು ಆಕಾಶದ್ದು, ಒಂದು ನೀರಿನಲ್ಲಿ ಹೊಳೆಯುವುದು, ಮತ್ತೊಂದು ಹಗಲೆಲ್ಲ ಕಾದ ಗೋಡೆ ಸಂಜೆ ಉಗುಳುವ ಶಾಖ. ಕೊಯ್ಲಿನ ಹಣ್ಣನ್ನು ಮೇಲೆಳೆಯಲು ಒಂಟಿ ಹಳಿಯ ಪುಟ್ಟ ಬಂಡಿಗಳಿವೆ. ಚಿಕ್ಕಪ್ಪ ಅದರ ಮೋಟಾರನ್ನು ಬಗ್ಗಿ ಬಗ್ಗಿ ನೋಡಿದರು, ಕಾಫಿ ಮೂಟೆಗೆ ಆಗುತ್ತಾ ಅಂತ.

ಮನೆಗಳೂ ಹಳೆಯವೇ. ಕೆಳಗೆ ಪೀಪಾಯಿಗಳ ನೆಲಮಾಳಿಗೆ, ಮೇಲೆ ವಾಸ. ಕಿಟಕಿಯ ಬಣ್ಣ ಬದಲಾಯಿಸಬೇಕಾದರೂ ಊರಾಡಳಿತವನ್ನು ಕೇಳಬೇಕು. ನೆಲಮಾಳಿಗೆಯಲ್ಲಿ ಬೆಳೆಗಾರನೇ ನಿಂತು ಶಾಸ್ಲಾ ದ್ರಾಕ್ಷಿಯ ಬಿಳಿ ವೈನ್ ಸುರಿದ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಗ್ಲಾಸಿಗೆ. ಆರ್ಡರ್ ಮಾಡುವುದು ಡೆಸಿಲೀಟರ್ ಲೆಕ್ಕದಲ್ಲಿ. ‘ಸಪ್ಪೆ, ನಮ್ಮ ಕೂರ್ಗ್ ವೈನೇ ವಾಸಿ’ ಅಂದ ಚಿಕ್ಕಪ್ಪ ಎರಡನೆಯ ಗ್ಲಾಸನ್ನೂ ಬಿಡಲಿಲ್ಲ.

ರೆಸಾರ್ಟ್ ಯಾಕಿಲ್ಲ ಅಂದರೆ, ಕಟ್ಟಲು ಬಂದವರಿದ್ದರು, ಜನ ಬಿಡಲಿಲ್ಲ. 1977ರಲ್ಲಿ ಫ್ರಾನ್ಜ್ ವೆಬರ್ ಎಂಬ ಪತ್ರಕರ್ತ ಸಹಿ ಸಂಗ್ರಹಿಸಿದ, ಲಾವೋ ಇರುವ ವೋ ರಾಜ್ಯದ ಜನ ಮತ ಹಾಕಿ ಅದರ ರಕ್ಷಣೆಯನ್ನು ತಮ್ಮ ಸಂವಿಧಾನದಲ್ಲೇ ಬರೆಸಿಕೊಂಡರು. ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು ಅದಾಗಿ ಮೂವತ್ತು ವರ್ಷಕ್ಕೆ, 2007ರಲ್ಲಿ. ನಮ್ಮಲ್ಲಿ? ಪಶ್ಚಿಮ ಘಟ್ಟ ಉಳಿಸುವ ಬಗ್ಗೆ 2011ರಲ್ಲಿ ಗಾಡ್ಗೀಳ್ ವರದಿ ಬಂತು, 2013ರಲ್ಲಿ ಕಸ್ತೂರಿರಂಗನ್ ವರದಿ ಬಂತು. ಎರಡನ್ನೂ ಓದದೆಯೇ ವಿರೋಧಿಸಿದವರು ನಮ್ಮ ಮನೆಯಲ್ಲೇ ಇದ್ದಾರೆ. ಇತ್ತ ಗುಡ್ಡ ಬಗೆದು ಈಜುಕೊಳ ಮಾಡುವುದು, ಅತ್ತ ಮಳೆಗಾಲದಲ್ಲಿ ಗುಡ್ಡ ಜರಿದರೆ ಸರ್ಕಾರವನ್ನು ಬೈಯುವುದು. ನನಗಂತೂ ಸಾಕಾಗಿದೆ.

ಅಷ್ಟೆಲ್ಲ ಅಂದಮೇಲೆ ಇದನ್ನೂ ಹೇಳಬೇಕಲ್ಲ. 2014ರಲ್ಲಿ ವೆಬರ್ ಕಡೆಯವರು ಇನ್ನೂ ಬಿಗಿ ಕಾನೂನು ಕೇಳಿದಾಗ ಇಲ್ಲಿನ ಜನರೂ ಒಪ್ಪಲಿಲ್ಲ, ಸರ್ಕಾರದ ಮೆದು ಪ್ರಸ್ತಾಪಕ್ಕೇ ಮತ ಹಾಕಿದರು. ಕಡಿದಾದ ಇಳಿಜಾರಿನಲ್ಲಿ ದ್ರಾಕ್ಷಿ ಬೆಳೆಯುವವನಿಗೆ ಸ್ವಿಸ್ ಸರ್ಕಾರ ಹೆಕ್ಟೇರ್ ಲೆಕ್ಕದಲ್ಲಿ ದುಡ್ಡು ಕೊಡುತ್ತದೆ. ಚಿಕ್ಕಪ್ಪನಿಗೆ ಯಾರು ಕೊಟ್ಟರು? ಸೋರುವ ಮಾಡಿಗೆ ವರ್ಷಾ ವರ್ಷ ಹೆಂಚು ಕೈಯಾಡಿಸಲು ಆಳು ಸಿಗುತ್ತಿರಲಿಲ್ಲ, ಗೆದ್ದಲು ತಿಂದ ತೊಲೆ ಬದಲಾಯಿಸಲು ಮರ ಸಿಗುತ್ತಿರಲಿಲ್ಲ. ಆ ಮನೆ ಉಳಿಯಲಿ ಅಂತ ಇಲ್ಲಿಂದ ಫೋನಿನಲ್ಲಿ ಹೇಳುತ್ತಿದ್ದ ನಾವ್ಯಾರೂ ಒಂದು ಮಳೆಗಾಲವಾದರೂ ಅಲ್ಲಿ ಹೋಗಿ ಇದ್ದವರಲ್ಲ. ಆದರೂ ಆ ಕಂಬಗಳನ್ನು ಮಾರಬಾರದಿತ್ತು.