ನಾಯಿ ಸಾಯುತ್ತದೆಯೇ?

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹುಳಿಯನ್ನ ಕಲಸುತ್ತಾ ಕೇಳಿದರು: “ಪ್ರಬಂಧ ಗಿಬಂಧ ಎಲ್ಲಾ ಸರಿ, ಕಾದಂಬರಿ ಯಾವಾಗ?” ಮದುವೆಯಾಗಿ ವರ್ಷ ತುಂಬಿದವರನ್ನು ‘ಏನಾದರೂ ವಿಶೇಷವೇ?’ ಎಂದು ವಿಚಾರಿಸುವ ಅದೇ ಧಾಟಿ. ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಂತು. ಅವರ ಗಮನವೆಲ್ಲ ತುಪ್ಪದ ಮಿಳ್ಳೆಯ ಕಡೆ ಹೋಯಿತು.

ಎ.ಎನ್. ಮೂರ್ತಿರಾಯರ ಪ್ರಬಂಧ ಸಂಕಲನ ‘ಹಗಲುಗನಸುಗಳು’ ಬಂದದ್ದು 1937ರಲ್ಲಿ. ಅವರು ಬದುಕಿದ್ದು 2003ರವರೆಗೆ. ನಡುವಿನ ಅಷ್ಟು ಮದುವೆಗಳಲ್ಲಿ ಅವರನ್ನು ಎಷ್ಟು ಜನ ಹೀಗೆ ಕೇಳಿದ್ದರೋ!

ಕಾದಂಬರಿಗೆ ದಮ್ಮು ಸಾಲದವರು ಪ್ರಬಂಧ ಬರೆಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ದಮ್ಮಿನ ಮಾತೇ ಅಲ್ಲ ಅದು. 1933ರಲ್ಲಿ ‘ಮಲೆನಾಡಿನ ಚಿತ್ರಗಳು’ ಎಂಬ ಪ್ರಬಂಧಗಳನ್ನು ಕೊಟ್ಟ ಕುವೆಂಪು ಅವರೇ 1936ರಲ್ಲಿ ‘ಕಾನೂರು ಹೆಗ್ಗಡಿತಿ’ ಕಾದಂಬರಿ ಕೊಟ್ಟರು. ಕಾಡು ಅದೇ, ಮಳೆ ಅದೇ. ಬೇರೆಯಾದದ್ದು ಮಳೆಗೆ ಹಚ್ಚಿದ ಕೆಲಸ. ಪ್ರಬಂಧದಲ್ಲಿ ಮಳೆ ಬಂದರೆ ಜನ ನೆನೆಯುತ್ತಾರೆ, ಒಲೆಯ ಮುಂದೆ ಕೂರುತ್ತಾರೆ. ಕಾದಂಬರಿಯಲ್ಲಿ ಬಂದರೆ ಯಾರಿಗೋ ಏನೋ ಕಾದಿದೆ. ಈಚಿನ ಕೆಲವು ಕಾದಂಬರಿಗಳಲ್ಲಂತೂ ಕಾಫಿ ಆರಿತು ಎಂದರೆ ದಾಂಪತ್ಯವೂ ಆರಿತು ಎಂದೇ ಲೆಕ್ಕ. ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿಯಲು ಯಾವ ಪಾತ್ರಕ್ಕೂ ಪುರುಸೊತ್ತು ಕೊಡುವುದಿಲ್ಲ. ನನಗೆ ಸಿಟ್ಟು ಬರುವುದೇ ಅಲ್ಲಿ.

ಈ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ನಮ್ಮ ಚಿಕ್ಕಮ್ಮ. ಅವರು ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಓದಲು ಹಿಡಿದದ್ದು ಒಂದು ಮಳೆಗಾಲ. ಅಷ್ಟು ದೊಡ್ಡ ಕಾದಂಬರಿಯಲ್ಲಿ ಅವರು ಮನಸ್ಸು ಕೊಟ್ಟದ್ದು ನಾಯಿಗುತ್ತಿಯ ಹಿಂದೆಯೇ ಸುತ್ತುವ ಹುಲಿಯನಿಗೆ. ಅದು ಗುತ್ತಿಯ ನಾಯಿ. ಮದುಮಗಳು ಚಿನ್ನಮ್ಮನ ಪಾಡೇನಾಯಿತು ಎಂದು ನಾವು ಕೇಳಿದರೆ “ಹುಲಿಯ ಇನ್ನೂ ಊಟ ಮಾಡಿಲ್ಲ ಕಣೋ” ಎನ್ನುತ್ತಿದ್ದರು. ಕೊನೆಗೆ ತುಂಗೆಯ ಪ್ರವಾಹ ಹುಲಿಯನನ್ನು ಕೊಚ್ಚಿಕೊಂಡು ಹೋದ ದಿನ ಮನೆಯಲ್ಲಿ ಸಾರಿಗೆ ಉಪ್ಪು ಬೀಳಲಿಲ್ಲ. ಚಿಕ್ಕಪ್ಪ ತುಟಿ ಪಿಟಕ್ಕೆನ್ನದೆ ಉಂಡರು. ಚಿಕ್ಕಮ್ಮ ಪುಸ್ತಕದ ಮೊದಲ ಪುಟ ತೆರೆದು ನನ್ನ ಮುಖಕ್ಕೆ ಹಿಡಿದರು. “ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ. ಹೀಗೆ ಅವರೇ ಬರೆದಿದ್ದಾರೆ ತಾನೇ? ಮತ್ತೆ ಆ ಮೂಕಪ್ರಾಣಿಯನ್ನೇ ಯಾಕೆ ಹೊಳೆಗೆ ಕೊಟ್ಟರು?” ನಾನು ಕಲಾದೃಷ್ಟಿ, ವಿಧಿ ಎಂದೇನೋ ತೊದಲಿದೆ. “ವಿಧಿ ಎಂಥದು, ಬರೆದದ್ದು ಅವರು” ಎಂದರು.

ಆಮೇಲೆ ಅವರ ಕೈಗೆ ಯಾವ ಪುಸ್ತಕ ಕೊಟ್ಟರೂ ಒಂದೇ ಪ್ರಶ್ನೆ: “ನಾಯಿ ಸಾಯುತ್ತದೆಯೇ?” ಅಂಜುತ್ತಲೇ ಕುವೆಂಪು ಅವರ ಮಗ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಕೊಟ್ಟೆ. ಅದರಲ್ಲೂ ಕಿವಿ ಎಂಬ ನಾಯಿಯಿದೆ; ಹಾರುವ ಓತಿಯನ್ನು ಹುಡುಕುವ ಗದ್ದಲದಲ್ಲಿ ಅದಕ್ಕೂ ಪಾಲಿದೆ. ಕೊನೆಯಲ್ಲಿ ಕೈತಪ್ಪಿ ಹೋಗುವುದು ಓತಿ, ನಾಯಿಯಲ್ಲ ಎಂದು ಖಾತ್ರಿಯಾದ ಮೇಲೆ ಚಿಕ್ಕಮ್ಮ ತೀರ್ಪು ಕೊಟ್ಟರು: “ಅಪ್ಪ ಮಾಡಿದ ಪಾಪವನ್ನು ಮಗ ತೊಳೆದ.” ಕನ್ನಡ ವಿಮರ್ಶೆಯಲ್ಲಿ ಇಷ್ಟು ಚಿಕ್ಕ ಲೇಖನ ಇನ್ನೊಂದಿರಲಾರದು.

ಮುಂದೆ ತೇಜಸ್ವಿಯವರದೇ ಪ್ರಬಂಧದಂಥ ಬರಹಗಳ ‘ಪರಿಸರದ ಕತೆ’ಯಲ್ಲಿ ಕಿವಿಯನ್ನು ಮತ್ತೆ ಕಂಡಾಗ ಅವರಿಗಾದ ಸಂಭ್ರಮ ಹೇಳತೀರದು, ಬೀಗರ ಮನೆಯಲ್ಲಿ ತವರಿನವರು ಸಿಕ್ಕಿದ ಹಾಗೆ. ಆದರೆ ಎರಡು ದಿನ ಬಿಟ್ಟು ಫೋನ್ ಮಾಡಿದರು. “ನಾಯಿ ಅದೇ. ಆದರೆ ಕಾದಂಬರಿಯಲ್ಲಿ ಅದು ಡ್ಯೂಟಿ ಮೇಲಿದೆ. ಇಲ್ಲಿ ರಜಾದಲ್ಲಿದೆ.”

ನಾನು ಇದನ್ನು ಎರಡು ಪ್ರಕಾರಗಳ ವ್ಯತ್ಯಾಸವೆಂದು ಎಲ್ಲಾದರೂ ಉಪನ್ಯಾಸದಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ರಜಾ ಕೊಡುವ ಧಣಿಗಳು ಎಷ್ಟು ಒಳ್ಳೆಯವರು ಎಂಬುದೂ ನನಗೆ ಗೊತ್ತು. ಕಾದಂಬರಿಕಾರ ಮರೆಯಲ್ಲಿ ನಿಂತು ಊರಿಗೆಲ್ಲ ಬಾಯಿ ಕೊಡುತ್ತಾನೆ. ಪ್ರಬಂಧಕಾರ ಆರಾಮಕುರ್ಚಿಯಲ್ಲಿ ಕಾಲು ಚಾಚಿ ತಾನೊಬ್ಬನೇ ಮಾತಾಡುತ್ತಾನೆ. ಹೆಂಡತಿಗೆ ಎರಡು ಸಾಲು, ಅದೂ ಗಂಡನನ್ನು ಗದರಲಿಕ್ಕೆ, ಅದೂ ಗಂಡ ಮುದ್ದಾಗಿ ಕಾಣಲೆಂದು. ತರಕಾರಿಯವನು, ಕೆಲಸದವಳು, ಪಕ್ಕದ ಮನೆಯ ನಿವೃತ್ತ ತಹಶೀಲ್ದಾರರು ಎಲ್ಲರೂ ಬರುವುದು ಇವನಿಗೊಂದು ನಗೆ ಒದಗಿಸಿ ಹೋಗಲಿಕ್ಕೆ. ಯಾರನ್ನೂ ಹೊಳೆಗೆ ನೂಕುವುದಿಲ್ಲ, ನಿಜ. ಹೊಳೆಯವರೆಗೆ ನಡೆಯಲೂ ಯಾರನ್ನೂ ಬಿಡುವುದಿಲ್ಲ.

ಇದನ್ನು ಬರೆಯುತ್ತಿದ್ದೇನೆಂದು ಚಿಕ್ಕಮ್ಮನಿಗೆ ಗೊತ್ತಾಗಿದೆ. “ನನ್ನನ್ನು ಇದರಲ್ಲಿ ಹಾಕಿದ್ದೀಯಾ?” ಎಂದರು. ಹೌದು, ಬಹಳ ಪ್ರೀತಿಯಿಂದ, ಎಂದೆ.

“ಎಷ್ಟು ಸಾಲು?”

ಹೇಳಿದೆ.

“ಕಾದಂಬರಿ ಬರಿ. ಕೊನೆಗೆ ಬೇಕಾದರೆ ಸಾಯಿಸು. ಅಷ್ಟರೊಳಗೆ ಮುನ್ನೂರು ಪುಟ ಮಾತಾಡಿರುತ್ತೇನೆ.”