ಮಾಲತೇಶನ ಸಿದ್ಧಾಂತ

ವಿಷಯ ಜನಸಂಖ್ಯಾ ಸ್ಫೋಟ. ಹತ್ತು ಪುಟ, ಹತ್ತು ಅಂಕ, ಬುಧವಾರದೊಳಗೆ ಕೊಡಬೇಕು. ಪುಟಕ್ಕೊಂದು ಅಂಕ ಅಂತ ಕೂಲಿ ಗೊತ್ತಾದ ಮೇಲೆ ನಮ್ಮ ಬಿ.ಎ. ತರಗತಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಂದಿನ ಬೆಂಚಿನ ಒಬ್ಬಳು ಮಾತ್ರ ಲೈಬ್ರರಿಯಲ್ಲಿ ಕೂತು ನಿಜವಾಗಿಯೂ ಬರೆದಳು. ಶನಿವಾರ ಸಂಜೆಗೆ ಅದು ಎರಡಾಯಿತು. ರಾತ್ರಿ ಹಾಸ್ಟೆಲ್ಲಿನಲ್ಲಿ ನಾಲ್ಕು, ಭಾನುವಾರ ಎಂಟು, ಸೋಮವಾರ ಕ್ಯಾಂಟೀನಿನಲ್ಲಿ ಹದಿನಾರು, ಮಂಗಳವಾರ ಮೂವತ್ತೆರಡು. ಬುಧವಾರ ಬೆಳಿಗ್ಗೆ ಹೊತ್ತಿಗೆ ಅಸೈನ್‌ಮೆಂಟ್ ಇಲ್ಲದ ಪ್ರಾಣಿ ಇಡೀ ತರಗತಿಯಲ್ಲಿ ಉಳಿದಿರಲಿಲ್ಲ.

ಹೀಗೆ ಹುಟ್ಟುವ ಪೀಳಿಗೆಗಳಲ್ಲಿ ಮುಖಚಹರೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಮೂಲದಲ್ಲಿ 1798 ಅಂತಿದ್ದದ್ದು ಮೊಮ್ಮಕ್ಕಳ ಕಾಲಕ್ಕೆ 1978 ಆಗಿತ್ತು. ಥಾಮಸ್ ರಾಬರ್ಟ್ ಮಾಲ್ಥಸ್ ಎಂಬಾತ ಯಾರದೋ ನಿದ್ದೆಗಣ್ಣಿನಲ್ಲಿ ಮಾಲತೇಶ್ ಆಗಿದ್ದ. ನನ್ನ ಕೈಗೆ ಸಿಕ್ಕಿದ್ದು ಈ ಮಾಲತೇಶನ ವಂಶದ ಪ್ರತಿ. ‘ಮಾಲತೇಶ್ ಎಂಬ ಆಂಗ್ಲ ಪಾದ್ರಿ 1978ರಲ್ಲಿ’ ಅಂತ ಎರಡು ಪುಟ ಬರೆದ ಮೇಲೆ ಎಲ್ಲೋ ಮಿಸ್ ಹೊಡೀತಿದೆ ಅನ್ನಿಸಿತು. ದಾವಣಗೆರೆ ಕಡೆ ನಮಗೊಬ್ಬರು ಮಾಲತೇಶ ಮಾವ ಇದ್ದಾರೆ. ಅವರು ಅಡಿಕೆ ಮಂಡಿ ಬಿಟ್ಟು ಪಾದ್ರಿಯಾದ ಸುದ್ದಿ ನಮ್ಮ ಮನೆಗೆ ಬಂದಿರಲಿಲ್ಲ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ: ಪುಸ್ತಕ ತೆಗೆದು ಓದಬೇಕಾಯಿತು.

ಮಾಲ್ಥಸ್ ಪಾದ್ರಿಯೇನೋ ಹೌದು. 1798ರಲ್ಲಿ ತನ್ನ ಹೆಸರನ್ನೂ ಹಾಕದೆ ಪುಸ್ತಕ ತಂದ. ತಡೆಯುವವರಿಲ್ಲದಿದ್ದರೆ ಜನ ಇಪ್ಪತ್ತೈದು ವರ್ಷಕ್ಕೊಮ್ಮೆ 1, 2, 4, 8, 16 ಅಂತ ದುಪ್ಪಟ್ಟಾಗುತ್ತಾ ಹೋಗುತ್ತಾರೆ. ಅನ್ನ ಮಾತ್ರ 1, 2, 3, 4, 5 ಅಂತ ತೆವಳುತ್ತದೆ. ಹೆಚ್ಚಾದವರನ್ನು ಬರ, ರೋಗ, ಯುದ್ಧ ನೋಡಿಕೊಳ್ಳುತ್ತವೆ ಎಂಬುದು ಅವನ ಲೆಕ್ಕ. ಈ ಲೆಕ್ಕ ಹೇಳಿದವನಿಗೆ ಮೂರು ಮಕ್ಕಳು. 1805ರಿಂದ ಅವನು ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಮೇಷ್ಟ್ರು. ಅಂದರೆ ನಮ್ಮನ್ನು ಆಳಲು ಹಡಗು ಹತ್ತಿದ ಹುಡುಗರಿಗೆ ಅರ್ಥಶಾಸ್ತ್ರ ಹೇಳಿಕೊಟ್ಟವನು. ಆ ಹುಡುಗರು ಅವನಿಗಿಟ್ಟ ಅಡ್ಡಹೆಸರು ‘ಪಾಪ್’. ಪಾಪ್ಯುಲೇಷನ್ ಅನ್ನುವುದರ ಚಿಕ್ಕ ರೂಪ. ನಮ್ಮ ಕಡೆ ಆಗಿದ್ದರೆ ‘ಜನಸಂಖ್ಯೆ ಮೇಷ್ಟ್ರು’ ಅನ್ನುತ್ತಿದ್ದೆವು. ಮುಂದೆ ಕಲೆಕ್ಟರುಗಳಾಗಿ ಬಂದು ಇಲ್ಲಿ ಏನೇನು ಮಾಡಿದರೋ, ಆ ಒಂದು ಅಡ್ಡಹೆಸರಿನ ಮಟ್ಟಿಗೆ ಅವರು ನಮ್ಮವರೇ.

ಲೆಕ್ಕ ನಮ್ಮ ದೇಶದಲ್ಲಿ ಹೇಗಾಯಿತು ಅಂತ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. 1951ರಲ್ಲಿ 36 ಕೋಟಿ ಇದ್ದೆವು, 2011ರಲ್ಲಿ 121 ಕೋಟಿ. ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದೇ ಕಾಲದಲ್ಲಿ ಆಹಾರ ಧಾನ್ಯ 5 ಕೋಟಿ ಟನ್ನಿನಿಂದ 24 ಕೋಟಿ ಟನ್ ದಾಟಿ, ಹೆಚ್ಚುಕಮ್ಮಿ ಐದು ಪಟ್ಟಾಗಿದೆ. ಹೊಸ ತಳಿ, ಗೊಬ್ಬರ, ನೀರಾವರಿ ಸೇರಿ ಪಾದ್ರಿಯನ್ನು ಸೋಲಿಸಿವೆ. ಆದರೆ ನಮ್ಮ ಜಿಲ್ಲೆಯ ಬೋರ್‌ವೆಲ್ಲುಗಳ ಆಳ ಗೊತ್ತಿರುವವರು ಅವನ ಮೇಲೆ ಪೂರ್ತಿ ನಗುವುದಿಲ್ಲ. ಇಳುವರಿಯ ಒಂದು ಪಾಲು ಅಲ್ಲಿಂದ ಕೈಸಾಲ ತಂದದ್ದು.

2011ರ ಲೆಕ್ಕ ಯಾಕೆ ಅಂದರೆ ಕೈಯಲ್ಲಿರುವುದು ಅದೇ. 2021ರ ಗಣತಿ ಕೊರೊನಾದಲ್ಲಿ ತಪ್ಪಿಹೋಗಿ 2027ಕ್ಕೆ ಬಂತು. ನನ್ನ ತಮ್ಮ ಹುಟ್ಟಿದ್ದು 2012ರಲ್ಲಿ. ಗಣತಿಯ ಪ್ರಕಾರ ಅವನು ಇನ್ನೂ ಹುಟ್ಟಿಲ್ಲ. ರಿಮೋಟಿಗೆ ಜಗಳವಾದಾಗಲೆಲ್ಲ ನಾನಿದನ್ನು ನೆನಪಿಸುತ್ತೇನೆ.

ಜನಸಂಖ್ಯಾ ಸ್ಫೋಟವನ್ನು ಕಣ್ಣಾರೆ ನೋಡಬೇಕಾದವರು ಬೆಳಿಗ್ಗೆ ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸು ಹತ್ತಬೇಕು. ಒಂದು ಕಾಲು ನನ್ನದು, ಇನ್ನೊಂದು ಯಾರದ್ದೋ ಚೀಲದ ಮೇಲೆ. ಮೊನ್ನೆ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಿದ್ದವರಿಗೆ ಕೂಗಿದರು: “ಒಳಗ್ ನಡೀರಪ್ಪಾ! ಗುಬ್ಬಿಯವ್ರು ಅಂತ ಗೊತ್ತಾಯ್ತು, ಅದಕ್ಕೇಂತ ಬಾಗ್ಲಲ್ಲೇ ಗೂಡು ಕಟ್ಬೇಡಿ.” ಇಡೀ ಬಸ್ಸು ನಕ್ಕಿತು. ಜಾಗ ಇಲ್ಲದ ಕಡೆ ನಗುವುದಕ್ಕೂ ಒಂದು ಶಿಸ್ತು ಬೇಕು. ಒಬ್ಬರ ಹೊಟ್ಟೆ ಕುಲುಕಿದರೆ ನಾಲ್ಕು ಜನ ಅಲ್ಲಾಡುತ್ತಾರೆ. ನಕ್ಕು ಮುಗಿಯುವಷ್ಟರಲ್ಲಿ ಒಳಗೆ ಇನ್ನೂ ಮೂವರಿಗೆ ಜಾಗ ಆಗಿತ್ತು. ಎಲ್ಲಿಂದ ಆಯಿತೋ ನನಗಂತೂ ತಿಳಿಯಲಿಲ್ಲ.

ಸಂಜೆ ಮನೆಗೆ ಬಂದಾಗ ಅಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪುಟ ತುಂಬಬೇಕಲ್ಲ, ಪೆನ್ನು ಹಿಡಿದು ಪಕ್ಕದಲ್ಲಿ ಕೂತೆ.

“ನಿಂಗೆ ಎಷ್ಟು ಮಕ್ಕಳಜ್ಜಿ?”

“ಏಳು.”

“ಐದಲ್ವಾ?”

ಅಜ್ಜಿ ಕಾಯಿ ಕೆಳಗಿಟ್ಟು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸತೊಡಗಿದಳು. ದೊಡ್ಡಪ್ಪ ಒಂದು ಗೆಣ್ಣು, ದೊಡ್ಡತ್ತೆ ಒಂದು. ಮೂರನೇ ಗೆಣ್ಣಿನ ಮೇಲೆ ಹೆಬ್ಬೆರಳು ನಿಂತಿತು. “ಇದು ವಾಂತಿಭೇದಿ ಆಗಿ ಹೋಯ್ತು, ಆಗ್ಲೇ ಅಂಬೆಗಾಲು ಇಕ್ಕತಿತ್ತು.” ಆಮೇಲೆ ಅಪ್ಪ. ಐದನೆಯದಕ್ಕೆ “ಇದಕ್ಕಿನ್ನೂ ಹೆಸ್ರು ಇಟ್ಟಿರ್ಲಿಲ್ಲ” ಅಂದಳು. ಮತ್ತೆರಡು ಗೆಣ್ಣು ಚಿಕ್ಕಪ್ಪ, ಚಿಕ್ಕತ್ತೆ. ಏಳೇ ಆಯಿತು. “ಹೆತ್ತ ಮ್ಯಾಲೆ ಲೆಕ್ಕಕ್ಕೆ ಬರಲ್ವೇನೇ?”

“ಅಷ್ಟೊಂದು ಯಾಕಜ್ಜಿ?”

“ಯಾವ್ದು ನಿಲ್ತದೋ ಯಾವ್ದು ಹೋಗ್ತದೋ ಯಾರಿಗೆ ಗೊತ್ತಿತ್ತು?”

ನನ್ನ ಪಠ್ಯದಲ್ಲಿ ಇದೇ ಮಾತು ಮೂರು ಪುಟ ಇದೆ; ಶಿಶುಮರಣ ಇಳಿದ ಮೇಲೆಯೇ ಜನನ ಪ್ರಮಾಣವೂ ಇಳಿಯುತ್ತದೆ ಅಂತ. ಗಣತಿಯವರ ಪಟ್ಟಿಯಲ್ಲೂ ಹೆಂಗಸರಿಗೆ ಎರಡು ಕಾಲಂ ಇರುತ್ತವೆ: ಬದುಕಿರುವ ಮಕ್ಕಳೆಷ್ಟು, ಹುಟ್ಟಿದ ಮಕ್ಕಳೆಷ್ಟು.

ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಒಂದು ಸರ್ಕಾರ ಹಾಗೆ ಮಾಡಿದ್ದು ಪ್ರಪಂಚದಲ್ಲಿ ಅದೇ ಮೊದಲು ಅನ್ನುತ್ತಾರೆ. ಬೆಂಗಳೂರಿನಿಂದ ನಮ್ಮೂರಿಗೆ ತೊಂಬತ್ತು ಕಿಲೋಮೀಟರು. ಆ ಸುದ್ದಿ ನಡೆದುಕೊಂಡು ಬಂದಿರಬೇಕು, ನಲವತ್ತು ವರ್ಷ ಹಿಡಿಯಿತು. ಅಜ್ಜಿಗೆ ನೆನಪಿರುವುದು ಗೋಡೆಯ ಮೇಲಿನ ಕೆಂಪು ತ್ರಿಕೋನ, ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಅನ್ನುವ ಬರಹ, ಮತ್ತು ಅದರ ಕೆಳಗೆ ನಿಂತು “ಹುಟ್ಟಿಸಿದ ದೇವ್ರು ಹುಲ್ಲು ಮೇಯಿಸ್ತಾನಾ” ಅಂತ ಗೊಣಗುತ್ತಿದ್ದ ಅವಳ ಅತ್ತೆ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದ ಸರಾಸರಿ ಒಬ್ಬ ಹೆಂಗಸಿಗೆ 1.7 ಮಕ್ಕಳು. ಅಮ್ಮನಿಗೆ ನಾವಿಬ್ಬರು. ಮಿಕ್ಕ ಆ 0.3 ನನ್ನ ತಮ್ಮನೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದ್ದಕ್ಕಿದ್ದಂತೆ ಇನ್ನೊಂದು ಪ್ರಶ್ನೆ ಕೇಳಿದೆ. ಸಂತೋಷದ ಸೂಚ್ಯಂಕ ಅಂತ ವರ್ಷಾವರ್ಷ ಬರುತ್ತದಲ್ಲ, ಅದರಲ್ಲಿ ಜನರಿಗೆ ಒಂದು ಏಣಿ ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಕೆಳಗೆ ಸೊನ್ನೆ, ಮೇಲೆ ಹತ್ತು. ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ?

“ಮಂಡಿನೋವು ಇಟ್ಕೊಂಡು ಏಣಿ ಹತ್ತು ಅಂತೀಯಲ್ಲೇ” ಅಂದಳು ಅಜ್ಜಿ.

ಫಿನ್ಲೆಂಡ್ ಅನ್ನೋ ದೇಶ 2018ರಿಂದ ಮೊದಲ ಸ್ಥಾನ ಬಿಟ್ಟುಕೊಟ್ಟಿಲ್ಲ ಅಂದೆ. ಅಲ್ಲಿ ಎಷ್ಟು ಜನ ಅಂತ ಕೇಳಿದಳು. ನಮ್ಮ ತುಮಕೂರು ಜಿಲ್ಲೆಯದು 26 ಲಕ್ಷ 78 ಸಾವಿರ; ಇಡೀ ದೇಶ ಸೇರಿ ಅದರ ಎರಡರಷ್ಟು ಅಂದೆ.

“ಹಂಗಾದ್ರೆ ಬಸ್ನಾಗೆ ಸೀಟು ಸಿಗ್ತದೆ. ಖುಷಿಯಾಗಿರ್ದೆ ಇನ್ನೇನು?”

ಇಷ್ಟು ಬರೆದರೂ ಒಂಬತ್ತೇ ಪುಟ. ಹತ್ತನೆಯದಕ್ಕೆ ಮತ್ತೆ ಮಾಲ್ಥಸ್ಸನ ಕಡೆ ಹೋದೆ. 1803ರ ಮುದ್ರಣದಲ್ಲಿ ಅವನೊಂದು ಮಾತು ಬರೆದಿದ್ದನಂತೆ. ಅಪ್ಪ ಅಮ್ಮ ಸಾಕಲಾರದ, ದುಡಿಮೆಯೂ ಸಿಗದ ಮನುಷ್ಯ ಹುಟ್ಟಿ ಬಂದರೆ ಪ್ರಕೃತಿಯ ಔತಣದಲ್ಲಿ ಅವನಿಗೆ ಎಲೆ ಹಾಕಿಲ್ಲ, ಎದ್ದು ಹೋಗು ಅನ್ನುತ್ತಾಳೆ ಅವಳು, ಅಂತ. ಓದಿದವರು ಕೆಂಡವಾದರು. ಮುಂದಿನ ಮುದ್ರಣದಲ್ಲಿ ಅವನೇ ತೆಗೆದುಹಾಕಿದ.

ನನಗೆ ಸಿದ್ಧಗಂಗೆ ನೆನಪಾಯಿತು. ಕ್ಯಾತ್ಸಂದ್ರದಲ್ಲಿ ಇಳಿದು ಒಳಗೆ ಹೋದರೆ ಮಠ. ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಅಲ್ಲೇ ಉಂಡು ಓದುತ್ತಾರೆ, ಬಂದ ಭಕ್ತರದು ಬೇರೆ ಲೆಕ್ಕ. ಕಳೆದ ಶಿವರಾತ್ರಿ ಜಾತ್ರೆಯಲ್ಲಿ ಅಜ್ಜಿಯ ಜೊತೆ ದಾಸೋಹದ ಪಂಕ್ತಿಯಲ್ಲಿ ಕೂತಿದ್ದೆ. ಅನ್ನದ ಬಕೆಟ್ಟು ಆಗಲೇ ನಮ್ಮನ್ನು ದಾಟಿತ್ತು. ಆಗ ಒಬ್ಬಾತ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ತಡವಾಗಿ ಬಂದ. ಬಡಿಸುವವರು ತಿರುಗಿ ಕೂಡ ನೋಡದೆ “ಜರುಗ್ರವ್ವಾ” ಅಂದರು. ಸಾಲಿಗೆ ಸಾಲೇ ತಟ್ಟೆ ಸಮೇತ ಗೇಣಷ್ಟು ಜರುಗಿತು. ಅಜ್ಜಿ ಮಂಡಿ ಹಿಡಿದುಕೊಂಡು ಬೈಯುತ್ತಲೇ ಜರುಗಿದಳು. ಇದನ್ನು ಹಾಗೆಯೇ ಬರೆದು ದಾರ ಕಟ್ಟಿ ಕೊಟ್ಟೆ.

ಮೊನ್ನೆ ವಾಪಸ್ ಬಂತು. ಮಾಲತೇಶನ ವಂಶದವರೆಲ್ಲ ಹತ್ತಕ್ಕೆ ಎಂಟರಂತೆ ಪಾಸಾದರು. ಅವನ ಹೆಸರಿನ ಕೆಳಗೆ ಎಲ್ಲೂ ಒಂದು ಗೆರೆ ಬಿದ್ದಿರಲಿಲ್ಲ. ನನಗೆ ಆರೂವರೆ. ಏಳನೇ ಪುಟದಲ್ಲಿ ಅಜ್ಜಿಯ ಮಕ್ಕಳು ಅಂತ ಒಂದು ಕಡೆ ‘ಏಳು’, ಇನ್ನೊಂದು ಕಡೆ ‘ಐದು’ ಬರೆದಿದ್ದೆ. ಎರಡಕ್ಕೂ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಸರ್ ಕೇಳಿದ್ದರು: ಯಾವುದು ಸರಿ?